ರಷ್ಯಾದ ಬೈಂಡು

ಬೇಲೂರಿನ ಕಾಲೇಜೊಂದರಲ್ಲಿ, ಎರಡನೇ ಮಹಾಯುದ್ಧದ ನಂತರದ ಅಮೆರಿಕದ ವ್ಯಂಗ್ಯಚಿತ್ರಗಳನ್ನು ತೋರಿಸಿ ಮಾತಾಡಿದೆ. ಒಂದರಲ್ಲಿ ಗೃಹಸ್ಥನೊಬ್ಬ ಟಾರ್ಚ್ ಹಿಡಿದು ಮಂಚದ ಕೆಳಗೆ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ. ಹುಡುಗರು ಆಕಳಿಸಿದರು. ಭಾಷಣ ಮುಗಿದ ಮೇಲೆ ನಿವೃತ್ತ ಗುಮಾಸ್ತರೊಬ್ಬರು ಹತ್ತಿರ ಬಂದು, “ನಮ್ಮನೇಲೂ ಹುಡುಕಿದ್ರು ಕಣ್ರೀ” ಅಂದರು.

ಅವರಿಗೆ ಸರ್ಕಾರಿ ಕೆಲಸ ಕೊಡುವ ಮುಂಚೆ ವಿಚಾರಣೆಗೆಂದು ಅರಸೀಕೆರೆಯ ಮನೆಗೆ ಪೊಲೀಸಿನವನು ಬಂದಿದ್ದನಂತೆ. ತಮ್ಮಂದಿರ ಪಠ್ಯಪುಸ್ತಕಗಳಿಗೆಲ್ಲ ಆಗ ಅಗ್ಗಕ್ಕೆ ಸಿಗುತ್ತಿದ್ದ ರಷ್ಯಾದ ಪತ್ರಿಕೆಯ ಹಾಳೆಯ ಬೈಂಡು. ಕಮ್ಯುನಿಸ್ಟರ ಮನೆ ಎಂದು ಬರೆದುಕೊಂಡರೆ ಕೆಲಸ ಹೋದಂತೆಯೇ.

“ಇದೇನಮ್ಮ ಇದು?”

“ಕಾಗದ ಗಟ್ಟಿ ಸ್ವಾಮಿ, ವರ್ಷವಾದ್ರೂ ಹರಿಯಲ್ಲ,” ಅಂದರಂತೆ ತಾಯಿ.

ಅವನು ಹಾಳೆಯನ್ನು ಸವರಿ ನೋಡಿದ. “ಇನ್ನೂ ಐತಾ? ನಮ್ಮ ಮಗೂನೂ ಸ್ಕೂಲಿಗೆ ಸೇರೈತೆ.”

ಕೆಲಸ ಸಿಕ್ಕಿತು. ಪತ್ರಿಕೆಯಲ್ಲಿ ಏನು ಬರೆದಿದ್ದರು ಎಂದು ಕೇಳಿದೆ. ಮನೆಯಲ್ಲಿ ಯಾರೂ ಓದಿರಲಿಲ್ಲವಂತೆ.