ನನ್ನ ಆಯುಷ್ಯಕ್ಕೆ ಬೆಲೆ ಕಟ್ಟಿದರು

ಇಳಕಲ್ಲಿನ ಗೆಳತಿಯರೇ, ಇವತ್ತು ಕೂಡಲಸಂಗಮದಲ್ಲಿ ನನ್ನ ಹಲ್ಲು ಎಣಿಸಿದರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ನೋಡುತ್ತಾರಲ್ಲ, ಹಾಗೆ.

ಹೊಳೆದಂಡೆಯಲ್ಲಿ ಮುದುಕಿಯರಿಗೆ ಕೋಣೆ ಕೊಡುವ ಗಂಗವ್ವನ ಮನೆಗೆ ಮೈದುನನ ಮಗ ಬಸಪ್ಪ ನನ್ನನ್ನು ಚಕ್ಕಡಿಯಲ್ಲಿ ಕರೆತಂದಿದ್ದ. ಒಮ್ಮೆ ಬಂಗಾರ ಕೊಟ್ಟರೆ ಸಾಯುವ ತನಕ ಕೋಣೆ, ಎರಡು ಹೊತ್ತು ರೊಟ್ಟಿ. ನನ್ನ ಬಳಿ ಇದ್ದ ಬಂಗಾರವೆಂದರೆ ಕೈಯಲ್ಲಿನ ಎರಡು ಪಾಟ್ಲಿ ಬಳೆ ಅಷ್ಟೇ. ಮೂರು ಮನೆ ನೋಡಿದ ಮೇಲೆ, ಬಾಗಿಲಿಗೆ ಒಳಗಿನಿಂದ ಅಗಳಿ ಇದ್ದದ್ದು ಇಲ್ಲೊಂದೇ ಎಂದು ಇದನ್ನು ಆರಿಸಿದೆ.

ಬಸಪ್ಪ ಜಂಬದಿಂದ, "ನಮ್ಮ ದೊಡ್ಡವ್ವ ಭಾಳ ಗಟ್ಟಿ ಅದಾಳ್ರಿ. ಇನ್ನೂ ಖಡಕ್ ರೊಟ್ಟಿ ಕಡೀತಾಳ" ಎಂದ.

"ಹಂಗಾದ್ರ ಭಾಳ ವರ್ಷ ಬಾಳ್ತಾರ. ಎರಡೂ ಪಾಟ್ಲಿ ಕೊಡಬೇಕಾಗ್ತದ್ರಿ" ಎಂದಳು ಗಂಗವ್ವ.

ಅವನ ಮುಖ ಇಳಿಯಿತು. ಒಂದು ಪಾಟ್ಲಿ ತನ್ನ ಹೆಂಡತಿಯ ಕೈಗೆಂದು ನಂಬಿಕೊಂಡಿದ್ದ. "ಏ, ಇಲ್ರಿ! ಮ್ಯಾಲ ನೋಡಾಕ ಗಟ್ಟಿ ಅಷ್ಟ. ಈ ಚಳಿಗಾಲ ದಾಟಿದ್ರ ದೊಡ್ಡದು. ದೊಡ್ಡವ್ವ, ಒಂದೀಟು ಕೆಮ್ಮಿ ತೋರ್ಸು."

ನಾನು ಕೆಮ್ಮಲಿಲ್ಲ. ಎರಡೂ ಪಾಟ್ಲಿ ಬಿಚ್ಚಿ ಗಂಗವ್ವನ ಮುಂದಿಟ್ಟೆ. "ತಗೋ ತಂಗಿ. ಇಂವ ಕೊಟ್ಟ ಒಂದು ಚಳಿಗಾಲ ನನಗ ಸಾಲೂದಿಲ್ಲ."

ಬಸಪ್ಪ ನೀರೂ ಕುಡಿಯದೆ ಚಕ್ಕಡಿ ಹೂಡಿಕೊಂಡು ಹೋದ. ಕೋಣೆ ಚೆನ್ನಾಗಿದೆ, ಕಿಟಕಿಯಿಂದ ಹೊಳೆ ಕಾಣುತ್ತದೆ. ಮಧ್ಯಾಹ್ನದಿಂದ ಯಾರೊಡನೆಯೂ ಒಂದು ಮಾತು ಆಡಿಲ್ಲ. ವರ್ಷಗಳನ್ನಂತೂ ಬೇಕಾದಷ್ಟು ಕೊಂಡು ಇಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಬಂದು ಒಂದು ಸಂಜೆಯನ್ನಾದರೂ ಖರ್ಚು ಮಾಡಿಕೊಟ್ಟು ಹೋಗಿರಿ.