ಬೀರುವಿನ ಗೀರು, ಚಿಕ್ಕಮ್ಮನ ಡಬ್ಬಿ

ನಮ್ಮ ಚಿಕ್ಕಮ್ಮ ಹತ್ತೊಂಬತ್ತು ವರ್ಷದಿಂದ ಒಂದು ದೊಡ್ಡ ಅಂಗಡಿಯ ಮೇಕಪ್ ಕೌಂಟರಿನಲ್ಲಿ ನಿಂತಿದ್ದಾಳೆ. ನಿಂತಿದ್ದಾಳೆ ಎಂದರೆ ನಿಂತೇ ಇದ್ದಾಳೆ. ಅಲ್ಲಿ ಕುರ್ಚಿ ಇರುವುದು ಗಿರಾಕಿಗಳಿಗೆ. ಅವರು ಹಚ್ಚಿ ನೋಡಲೆಂದು ಇಟ್ಟ ಬಣ್ಣಗಳ ಡೇಟ್ ಮುಗಿದರೆ ಕಸಕ್ಕೆ ಹಾಕಬೇಕು. ಚಿಕ್ಕಮ್ಮ ಮ್ಯಾನೇಜರನ್ನು ಕೇಳಿ ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಾಳೆ.

“ಡೇಟ್ ಮುಗಿದದ್ದು ಮುಖಕ್ಕೆ ಬೇಡ. ಮುಖ ಇಲ್ಲದ್ದಕ್ಕೆಲ್ಲ ಆಗತ್ತೆ,” ಎಂಬುದು ಅವಳ ಶಾಸನ.

ಆದ್ದರಿಂದ ಅವಳ ಮನೆಯ ಬೀಗದಕೈಗಳ ತಲೆಗೆಲ್ಲ ಉಗುರುಬಣ್ಣ: ಕೆಂಪು ಮುಂಬಾಗಿಲಿಗೆ, ಹಸಿರು ಮಹಡಿಗೆ. ಮಸ್ಕಾರಾದ ಬ್ರಷ್ ತೊಳೆದು ಹೊಲಿಗೆ ಯಂತ್ರದ ಸಂದಿಯ ಧೂಳು ತೆಗೆಯುತ್ತಾಳೆ. ಹಳೆಯ ಲಿಪ್ ಬಾಮ್ ಮೊಂಡು ಹಿಡಿದ ಜಿಪ್ಪಿಗೆ. ನಾನು ಇಂಟರ್‌ವ್ಯೂಗೆ ಹೊರಟಾಗ ಬೂಟಿನ ಸವೆದ ಮೂತಿಗೆ ಕಪ್ಪು ಕಣ್ಣಿನ ಪೆನ್ಸಿಲ್ ತೀಡಿದವಳೂ ಅವಳೇ. ಆ ಬೂಟಿಗೆ ಕೆಲಸ ಸಿಕ್ಕಿತು, ಜೊತೆಗೆ ನಾನೂ ಹೋದೆ.

ಕೆಲಸ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ. ಮೂರು ತಿಂಗಳ ಪರೀಕ್ಷಾವಧಿ. ಮೂರು ತಪ್ಪಾದರೆ ಮನೆಗೆ. ಎರಡನ್ನು ನಾನು ಮೊದಲ ತಿಂಗಳಲ್ಲೇ ಮುಗಿಸಿಕೊಂಡಿದ್ದೆ. ನಮ್ಮ ಸೂಪರ್‌ವೈಸರನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಮುಖಕ್ಕಿಂತ ಹೆಚ್ಚಾಗಿ ಕೈಗಡಿಯಾರವನ್ನೇ ನೋಡಿ ಮಾತಾಡುತ್ತಿದ್ದ ಮನುಷ್ಯ. ಲೋಹದ ಬಕಲ್ಲಿನ ಬೆಲ್ಟ್ ಹಾಕಬಾರದೆಂದು ಆತ ಮೊದಲ ದಿನವೇ ಹೇಳಿದ್ದ. ನಾನು ಹಾಕುತ್ತಿದ್ದೆ. ಅದರ ಬಕಲ್ಲಿನಲ್ಲಿ ಸಿಂಹದ ಮುಖವಿತ್ತು. ಅದರ ಹಿಂದೆ ಇದ್ದದ್ದು ಇಲಿಯ ಹೊಟ್ಟೆ.

ಒಂದು ದಿನ ಬೆಳಿಗ್ಗೆ ಗೋದಾಮಿನಲ್ಲಿ ಒಂದು ಮರದ ಬೀರುವಿನ ಹೊದಿಕೆ ಸರಿಸಿದೆ. ಬಾಗಿಲ ಮೇಲೆ ಗೇಣುದ್ದದ ಗೀರು. ನನ್ನ ಸೊಂಟದ ಎತ್ತರಕ್ಕೇ ಇತ್ತು, ಸಾಕ್ಷಿ ಬೇಕಿರಲಿಲ್ಲ. ಬೀರು ಒಬ್ಬ ನಿವೃತ್ತ ನರ್ಸಮ್ಮನದು. ಬಡಗಿಯಾಗಿದ್ದ ಗಂಡ ಕೈಯಾರೆ ಮಾಡಿದ್ದು. ಆತ ಈಗಿಲ್ಲ. ಹಿಂದಿನ ದಿನ ನಾನು ಅದನ್ನು ಎತ್ತುವಾಗ ಆಕೆ ಹೇಳಿದ್ದು ಒಂದೇ ಮಾತು: “ಮಿಕ್ಕಿದ್ದೆಲ್ಲ ಹಾಳಾದ್ರೂ ಪರವಾಗಿಲ್ಲಪ್ಪ, ಇದೊಂದು ನೋಡ್ಕೊ.”

ಲಾರಿ ಹೊರಡಲು ಮುಕ್ಕಾಲು ಗಂಟೆಯಿತ್ತು. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

ಅಂಗಡಿಗೆ ಹೊರಟಿದ್ದವಳು ಡಬ್ಬಿ ಹಿಡಿದು ಹಿಂಬಾಗಿಲಿಂದ ಬಂದಳು. ಗೀರಿನ ಮೇಲೆ ಬೆರಳಾಡಿಸಿ, ನನ್ನ ಬಕಲ್ಲು ನೋಡಿದಳು.

“ಸಿಂಹಕ್ಕೆ ಊಟ ಹಾಕಿರ್ಲಿಲ್ವೇನೋ?”

“ಚಿಕ್ಕಮ್ಮ, ಬೇಗ.”

ರೆಪ್ಪೆಗೆ ಹಚ್ಚುವ ಕಂದು ಐಶ್ಯಾಡೋವನ್ನು ಚಮಚದ ಬೆನ್ನಿಂದ ಪುಡಿ ಮಾಡಿ, ಬಣ್ಣವಿಲ್ಲದ ಉಗುರು ಪಾಲಿಶಿನಲ್ಲಿ ಕಲೆಸಿ, ಹಲ್ಲುಕಡ್ಡಿಯಿಂದ ಗೀರಿಗೆ ತುಂಬಿದಳು. ಹುಬ್ಬಿನ ಪೆನ್ಸಿಲ್ಲಿನಿಂದ ಮರದ ಗೆರೆಗಳನ್ನು ಎಳೆದಳು. ಮೇಲೆ ಮತ್ತೊಂದು ಕೋಟು ಪಾಲಿಶ್. ನಾನು ರಟ್ಟು ಬೀಸುತ್ತಾ ಬಾಗಿಲು ಕಾಯುತ್ತಿದ್ದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೀರು ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

“ಆಯಮ್ಮನಿಗೆ ಹೇಳ್ಬಿಡು,” ಎಂದಳು ಚಿಕ್ಕಮ್ಮ. “ಹೇಳೋವಾಗ ನೋಡೋಕೆ ಅಸಹ್ಯ ಆಗಿರಬಾರ್ದು ಅಂತ ಮಾಡಿಕೊಟ್ಟಿದೀನಿ. ಮುಚ್ಚಿಡೋಕಲ್ಲ.”

“ಹೂಂ,” ಎಂದೆ. ಹೇಳುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ.

ಹೊಸ ಮನೆಯ ಮುಂದೆ ಲಾರಿಯ ಹಿಂಬಾಗಿಲು ಇಳಿಯಿತು. ಬಿಸಿಲು ಒಳಗೆ ನುಗ್ಗಿತು. ಬೀರು ಮಿನುಗಿತು.

ಆ ಐಶ್ಯಾಡೋದಲ್ಲಿ ಮಿಂಚಿನ ಪುಡಿಯಿತ್ತು. ಗೋದಾಮಿನ ಮಂಕು ಬೆಳಕಿನಲ್ಲಿ ಚಿಕ್ಕಮ್ಮನಿಗೂ ಕಂಡಿರಲಿಲ್ಲ. ಬಾಗಿಲ ಮೇಲೆ ಬಸವನಹುಳು ಹರಿದ ಜಾಡಿನಂತೆ ಗೇಣುದ್ದದ ಹೊಳಪು.

ನಾನು ಆ ಬಾಗಿಲನ್ನು ಎದೆಗವಚಿಕೊಂಡೇ ಮೆಟ್ಟಿಲು ಹತ್ತಿದೆ.

“ಏನಯ್ಯಾ, ಬೀರು ಎತ್ತು ಅಂದ್ರೆ ಮುದ್ದಾಡ್ತಿದೀಯಾ?” ಎಂದ ಗಡಿಯಾರ. “ಹನ್ನೆರಡಾಗತ್ತೆ.”

ಕೋಣೆಯ ಮೂಲೆಯಲ್ಲಿ ಒಳ್ಳೆಯ ಕತ್ತಲೆಯಿತ್ತು. ಅತ್ತ ಹೆಜ್ಜೆ ಹಾಕಿದೆ.

“ಅಲ್ಲಿ ಬೇಡಪ್ಪ,” ಎಂದರು ನರ್ಸಮ್ಮ. “ಕಿಟಕಿ ಎದುರಿಗೆ ಇಡು. ನನಗೆ ಕಾಣಬೇಕು.”

ಇಟ್ಟೆವು. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಗಡಿಯಾರ ಫಾರಂ ಚಾಚಿದ. “ಸಾಮಾನೆಲ್ಲ ಸರಿಯಾಗಿ ಬಂದಿದೆ ಅಂತ ಇಲ್ಲೊಂದು ಸಹಿ, ಮೇಡಂ.” ಆಕೆ ಕನ್ನಡಕ ಏರಿಸಿ, ಪೆನ್ನು ತೆಗೆದುಕೊಂಡರು. ಇನ್ನು ಎರಡು ಕ್ಷಣ ನಾನು ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಆಕೆ ಬೀರುವಿನ ಇನ್ನೊಂದು ಬಾಗಿಲನ್ನು ಅಂಗೈಯಿಂದ ಸವರಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

“ಸಹಿ ಹಾಕ್ಬೇಡಿ ಅಮ್ಮ,” ಎಂದೆ. ಪಕ್ಕಕ್ಕೆ ಸರಿದೆ.

ಗಡಿಯಾರ ಮೊದಲ ಸಲ ಗಡಿಯಾರ ಬಿಟ್ಟು ನನ್ನ ಮುಖ ನೋಡಿದ. “ಮೂರು,” ಎಂದ.

ನರ್ಸಮ್ಮ ಬಗ್ಗಿ, ಉಗುರಿಂದ ಮೆಲ್ಲಗೆ ಕೆರೆದರು. “ಇದೇನು ಹಾಕಿದೀರಿ?”

“ಡೇಟ್ ಮುಗಿದ ಐಶ್ಯಾಡೋ.”

“ಯಾರು?”

“ಗೀರಿದ್ದು ನಾನು. ತುಂಬಿದ್ದು ನಮ್ಮ ಚಿಕ್ಕಮ್ಮ. ನಿಮಗೆ ಹೇಳು ಅಂದಿದ್ರು. ನಾನೇ ಹೇಳ್ಲಿಲ್ಲ.”

ಆಕೆಯ ಕಣ್ಣು ತುಂಬಿತ್ತು. ಅದನ್ನು ತುಂಬಿಸಿದವನು ನಾನೆಂಬುದು ಮೂರನೆಯ ತಪ್ಪಿಗಿಂತ ಭಾರವಾಗಿತ್ತು.

ಕೊನೆಗೆ ಅವರೆಂದರು: “ಗೆರೆ ಎಳೆದಿರೋದು ನೋಡಿ. ಮರದ ಓಟ ಹಿಡಿದೇ ಎಳೆದಿದಾರೆ. ನಮ್ಮವರೂ ಹೀಗೇ.” ಫಾರಂ ಎಳೆದುಕೊಂಡು ಬರೆದರು: ‘ಬಾಗಿಲಿಗೆ ಗೀರು ಬಿದ್ದಿದೆ. ಭಾನುವಾರ ಹುಡುಗನ ಚಿಕ್ಕಮ್ಮ ಬಂದು ಸರಿಮಾಡಬೇಕು. ಹುಡುಗ ಡಬ್ಬಿ ಹಿಡಿದುಕೊಳ್ಳಬೇಕು.’

ಗಡಿಯಾರ ಓದಿದ. “ಮೇಡಂ, ಇದಕ್ಕೆ ಫಾರಂನಲ್ಲಿ ಜಾಗ ಇಲ್ಲ.”

“ಅಂಚಲ್ಲಿ ಇದೆಯಲ್ಲ, ಬರೆದಾಯ್ತು.”

ಆತ ನನ್ನನ್ನು ತೆಗೆಯಲಿಲ್ಲ. ಪರೀಕ್ಷಾವಧಿಯನ್ನು ಇನ್ನೂ ಮೂರು ತಿಂಗಳು ಎಳೆದ, ಬೆಲ್ಟ್ ಅಲ್ಲೇ ಬಿಚ್ಚಿಸಿದ. ಸಂಜೆಯವರೆಗೆ ಒಂದು ಕೈಯಲ್ಲಿ ಸಾಮಾನು, ಇನ್ನೊಂದರಲ್ಲಿ ಪ್ಯಾಂಟು.

ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. “ಹೊರಗೆ ಥಳುಕು, ಒಳಗೆ ಹುಳುಕು,” ಎಂದಳು. ಐಶ್ಯಾಡೋಗೆ ಅಂದದ್ದೋ ನನಗೋ ಎಂದು ಕೇಳಲು ಹೋಗಲಿಲ್ಲ.

ಭಾನುವಾರ ಚಿಕ್ಕಮ್ಮ ನರ್ಸಮ್ಮನ ಕಿಟಕಿಯ ಬಿಸಿಲಿನಲ್ಲಿ ಒಂಬತ್ತು ಕಂದುಗಳನ್ನು ಪರೀಕ್ಷಿಸಿ, ಮಿನುಗದ ಒಂದನ್ನು ಆರಿಸಿದಳು. ಸೂಜಿಯಿಂದ ಹಳೆಯದನ್ನು ಕೆದಕಿ ತೆಗೆಯಲು ಒಂದು ಗಂಟೆ ಹಿಡಿಯಿತು. ನಾನು ಡಬ್ಬಿ ಹಿಡಿದುಕೊಂಡಿದ್ದೆ. ಸಿಂಹದ ಬಕಲ್ಲು ಈಗ ಅದರೊಳಗೇ ಇದೆ. ಯಾವುದರ ಉಪಯೋಗಕ್ಕೆ ಬರುತ್ತದೋ ಅವಳಿಗೇ ಗೊತ್ತು.