ನೀಲಿ ಹೋದ ಮಧ್ಯಾಹ್ನ

೧೯೮೩ರ ಮೇ ತಿಂಗಳ ಒಂದು ಮಧ್ಯಾಹ್ನ ನಾನು ಬಸವಕಲ್ಯಾಣದ ಕಾಲೇಜಿನ ಪ್ರಯೋಗಾಲಯದಲ್ಲಿ, ಕಿಟಕಿಯ ಎಡಬದಿಗೆ, ಸರ್ ಅವರ ಮೊಣಕೈ ತಾಗುವಷ್ಟು ಹತ್ತಿರ ನಿಂತಿದ್ದೆ. ಅವರ ಬೆರಳುಗಳು ಪಾಲಕ್ ರಸಕ್ಕೆ ಹಸಿರಾಗಿ, ಬರ್ಫಿನ, ಅಂದರೆ ಮಂಜುಗಡ್ಡೆಯ, ತಣ್ಪಿಗೆ ಮರಗಟ್ಟಿದ್ದವು. ಅವರು ಸಸ್ಯಶಾಸ್ತ್ರದ ಅಧ್ಯಾಪಕರು. ನಾನು ಅವರ ಕೈಕೆಳಗಿನ ಡೆಮಾನ್‌ಸ್ಟ್ರೇಟರ್.

ಎಲೆಯ ಕ್ಲೋರೋಪ್ಲಾಸ್ಟುಗಳನ್ನು ನೀಲಿ ಬಣ್ಣದ ಜೊತೆ ಬಿಸಿಲಿಗೆ ಹಿಡಿದರೆ ಅವು ಆ ನೀಲಿಯನ್ನು ಕಳೆಯುತ್ತವೆ. ಉಪ್ಪುನೀರಿನಲ್ಲಿ ತೊಳೆದರೆ ಅವುಗಳಿಂದ ಒಂದು ಪ್ರೋಟೀನು ಕಳಚಿಕೊಳ್ಳುತ್ತದೆ. ಆಗ ನೀಲಿ ಹಾಗೇ ನಿಲ್ಲುತ್ತದೆ. ಕಳಚಿದ್ದನ್ನು ಮರಳಿ ಬೆರೆಸಿದರೆ ಅದು ತನ್ನ ಜೊತೆಯ ಪ್ರೋಟೀನುಗಳಿಗೆ ಅಂಟಿ ಕೆಲಸ ಮತ್ತೆ ಸಾಗೀತೆ? ವರ್ಷಗಟ್ಟಲೆ ಸರ್ ಹುಡುಕಿದ್ದು ಇದನ್ನೇ. ಆ ಬೇಸಿಗೆಗೆ ಅವರ ಪಿಎಚ್.ಡಿ. ಅವಧಿ ಮುಗಿಯುತ್ತಿತ್ತು.

"ಗಂಡಾ ಹೆಂಡತಿ ಇದ್ದಂಗ ಇವು. ಬ್ಯಾರೆ ಬ್ಯಾರೆ ಇಟ್ರ ದುಡಿಯಂಗಿಲ್ಲ" ಎನ್ನುತ್ತಿದ್ದರು.

"ಮತ್ತ ಯಾಕ ಬಿಡಸಾಕತ್ತೀರಿ ಸಾಬ್, ಪಾಪ!" ಎಂದು ಅಟೆಂಡರ್ ಛೇಡಿಸುತ್ತಿದ್ದ.

"ಕೂಡಸಾಕಪಾ."

ಅಂದು ಸರ್ ಆ ಪ್ರೋಟೀನನ್ನು ಮರಳಿ ಬೆರೆಸಿದರು. ನಮ್ಮ ಮೂವರ ಕಣ್ಣೆದುರೇ ನೀಲಿ ಹೋಗಿ ಬರೀ ಹಸಿರು ಉಳಿಯಿತು. ಸರ್ ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಮೂಲೆಯಲ್ಲಿದ್ದ, ಗಾಜುಪಾತ್ರೆ ತೊಳೆಯುವ ನೀರಿನ ಬಕೆಟ್ಟಿನತ್ತ ನೋಡಿದರು. ಹುಮನಾಬಾದಿನಿಂದ ಬಸ್ಸಿನಲ್ಲಿ ತರಿಸಿದ ಬರ್ಫಿನಲ್ಲಿ ಒಂದು ತುಂಡು ಒಡೆದು ಹಾಕಿ, ಬೆಳಿಗ್ಗೆ ನಾವು ಅಲ್ಲಿಯ ಬೀಕರುಗಳಲ್ಲೇ ನಿಂಬೆ ಶರಬತ್ತು ಕುಡಿದಿದ್ದೆವು. ನಿಂಬೆಹುಳಿ ತಾಗಿದರೂ ಆ ನೀಲಿ ಹೋಗುತ್ತದೆ.

"ನೀಲಿ ಹಾಕಿದ ಗಾಜಿನ ನಳಿಗಿ ತೊಳದಿದ್ದೇನೋ?"

"ತೊಳದೀನ್ರಿ ಸಾಬ್."

"ಶರಬತ್ತಿನ ಬೀಕರ್ ತೊಳದ ನೀರಾಗೇನು?"

ಅಟೆಂಡರ್ ನನ್ನ ಮುಖ ನೋಡಿದ. "ನೆನಪಿಲ್ರಿ."

ಸರ್ ಮತ್ತೆ ಎರಡು ಸಲ ಮಾಡಿದರು. ನೀಲಿ ಹೋಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಫ್ರಿಜ್ಜು ನಿಂತು, ಬರ್ಫು ಕರಗಿ ಪ್ರೋಟೀನು ಕೆಟ್ಟಿತ್ತೋ, ಮೊದಲ ಸಲದ್ದೇ ಸುಳ್ಳೋ ತಿಳಿಯಲಿಲ್ಲ.

"ಮೊದಲನೇ ಸಲದ್ದು ಪ್ರಬಂಧದಾಗ ಬರೀರಿ ಸರ್. ನಾ ಕಣ್ಣಾರೆ ನೋಡೀನಿ" ಎಂದೆ.

"ನೀಲಿ ಹೋಗಿದ್ದು ನೋಡೀದಿ. ಯಾಕ ಹೋತು ಅನ್ನೋದು ನೋಡೀದೇನು?"

ಅವರು ಬರೆಯಲಿಲ್ಲ. ಅವಧಿ ಮುಗಿಯಿತು, ಪದವಿ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅದು ನಿಂಬೆಯೋ ಪ್ರೋಟೀನೋ ನನಗೆ ಇಂದಿಗೂ ಗೊತ್ತಿಲ್ಲ.

ಅಂದು ನೋಡಿದವರಲ್ಲಿ ನನ್ನನ್ನು ಬಿಟ್ಟರೆ ಉಳಿದವನು ಆ ಅಟೆಂಡರ್ ಒಬ್ಬನೇ. ಹುಮನಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಹೋದಾಗಲೆಲ್ಲ, ನಾನು ಕೇಳದಿದ್ದರೂ, "ನಳಿಗಿ ಬ್ಯಾರೆ ನೀರಾಗ ತೊಳದಿದ್ದೆರಿ" ಎನ್ನುತ್ತಾನೆ.